ಪಿಪ್ ಇನ್‌ಸ್ಟಾಲ್ ಸಲೀಸು, ಇಂಪೋರ್ಟ್ ಮಾಡಿದ್ರೆ ಪೈಥಾನೇ ಢಮಾರ್: ಪ್ರೊಸೆಸರ್‌ಗೆ ಹೊಂದುತ್ತಾ ಅಂತ ಮೊದಲೇ ನೋಡೋದು ಹೇಗೆ?

ಲ್ಯಾಬ್‌ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ತುಮಕೂರು ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಿಸಿಎ ಮಕ್ಕಳ ಪೈಥಾನ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಲ್ಯಾಬ್‌ನಲ್ಲಿ ಎರಡು ಥರದ ಮೆಷಿನ್ ಇವೆ. ಮುಂದಿನ ಸಾಲಿನವು ಕೋರ್ ಐ5, ಉಳಿದವೆಲ್ಲ ಪೆಂಟಿಯಂ ಜಿ4560. ಎಲ್ಲದರಲ್ಲೂ ಉಬುಂಟು 22.04, ಎಲ್ಲವೂ 64 ಬಿಟ್. ಪೈಥಾನ್ ಆವೃತ್ತಿಯೂ ಒಂದೇ.

ಈ ಸಲ ಕೋಷ್ಟಕದ ಲೆಕ್ಕಕ್ಕೆ ಪಾಂಡಾಸ್ ಲೈಬ್ರರಿ ಬಿಟ್ಟು, ಅದೇ ಕೆಲಸದ ಪೋಲಾರ್ಸ್ ಹೇಳಿಕೊಡೋಣ ಅಂತ ಹೊರಟೆ. ತಾಲೂಕುವಾರು ಮಳೆ ಲೆಕ್ಕದ ಒಂದು ಸಿಎಸ್‌ವಿ ಕೊಟ್ಟು, ಓದಿಸಿ, ಸರಾಸರಿ ತೆಗೆಸೋದು ಅಷ್ಟೇ ಕೆಲಸ. ಪಿಪ್ ಇನ್‌ಸ್ಟಾಲ್ ಎಲ್ಲ ಮೆಷಿನ್‌ನಲ್ಲೂ ಒಂದು ತಕರಾರಿಲ್ಲದೆ ಮುಗಿಯಿತು. ಮುಂದಿನ ಸಾಲಿನಲ್ಲಿ ಪ್ರೋಗ್ರಾಮ್ ಓಡಿತು. ಹಿಂದಿನ ಸಾಲುಗಳಲ್ಲಿ ಜುಪಿಟರ್ 'ಕರ್ನಲ್ ಸತ್ತಿದೆ, ಮತ್ತೆ ಶುರು ಮಾಡ್ತಿದ್ದೇನೆ' ಅನ್ನೋ ಪಾಪ್‌ಅಪ್ ತೋರಿಸಿ ಸುಮ್ಮನಾಯಿತು. ಮತ್ತೆ ಓಡಿಸಿದರೆ ಮತ್ತೆ ಅದೇ. ಟರ್ಮಿನಲ್‌ನಲ್ಲಿ ಓಡಿಸಿ ನೋಡಿದೆ. ಮೊದಲು ಸಿಪಿಯು ಫೀಚರ್ ಇಲ್ಲ ಅಂತ ಏನೋ ಉದ್ದದ ವಾರ್ನಿಂಗ್, ಅದರ ಕೆಳಗೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್, ಕೋರ್ ಡಂಪ್ಡ್' ಅನ್ನೋ ಒಂದು ಸಾಲು. ಮುಗೀತು.

ನನಗೆ ಅರ್ಥವಾಗದ್ದು ಇವು:

ಎರಡೂ ಇಂಟೆಲ್, ಎರಡೂ 64 ಬಿಟ್, ಪಿಪ್ ಇಳಿಸಿದ್ದೂ ಒಂದೇ ಫೈಲು. ಹಾಗಿದ್ದರೆ ಒಂದರಲ್ಲಿ ಓಡಿ ಇನ್ನೊಂದರಲ್ಲಿ ಸಾಯೋದು ಯಾಕೆ? ಹೊಂದಲ್ಲ ಅನ್ನೋದಾದರೆ ಪಿಪ್ ಮೊದಲೇ ಹೇಳಬೇಕಿತ್ತು ಅಲ್ವಾ?

ಇಂಪೋರ್ಟ್ ಸಾಲಿನ ಸುತ್ತ ಟ್ರೈ, ಎಕ್ಸೆಪ್ಟ್ ಹಾಕಿ ನೋಡಿದೆ. ಹಿಡಿಯಲೇ ಇಲ್ಲ. ಅದೇಕೆ?

ಇನ್ನೊಂದು. ಫೈನಲ್ ಇಯರ್ ಹುಡುಗರು ಕನ್ನಡ ಪಠ್ಯದಲ್ಲಿ ಅಕ್ಷರಗಳ ಲೆಕ್ಕ ಹಾಕೋಕೆ ಸಿ++ನಲ್ಲಿ ಒಂದು ಪುಟ್ಟ ಎಕ್ಸ್‌ಟೆನ್ಶನ್ ಬರೆಯುತ್ತಿದ್ದಾರೆ. ಅದನ್ನೂ ಇದೇ ಲ್ಯಾಬ್‌ನಲ್ಲಿ ಡೆಮೊ ಕೊಡಬೇಕು. ಎಕ್ಸ್‌ಟರ್ನಲ್ ಎದುರಿಗೆ ಹೀಗೆ ಸತ್ತರೆ ಹುಡುಗರ ಮಾರ್ಕ್ಸ್ ಹೋಗುತ್ತೆ. ಸಾಯುವ ಬದಲು 'ಈ ಮೆಷಿನ್‌ನಲ್ಲಿ ಆಗಲ್ಲ' ಅಂತ ನೆಟ್ಟಗೆ ಹೇಳಿಸೋದು ಹೇಗೆ?

---

ಆಬ್ಜ್‌ಡಂಪ್:

ಮೇಷ್ಟ್ರೇ, ಮೊದಲು ಒಂದು ಮಾತು. ನಿಮ್ಮ ಪೆಂಟಿಯಂಗಳಿಗೆ ವಯಸ್ಸಾಗಿಲ್ಲ. ಜಿ4560 ಬಂದದ್ದು 2017ರಲ್ಲಿ. ಒಂದೇ ಸಲಕ್ಕೆ ಹಲವು ಅಂಕಿಗಳ ಲೆಕ್ಕ ಮಾಡೋ ಏವಿಎಕ್ಸ್ ಇನ್‌ಸ್ಟ್ರಕ್ಷನ್‌ಗಳನ್ನು ಇಂಟೆಲ್ ತಂದದ್ದು 2011ರಲ್ಲಿ ಸ್ಯಾಂಡಿ ಬ್ರಿಜ್ ಜೊತೆ, ಏವಿಎಕ್ಸ್2 ತಂದದ್ದು 2013ರಲ್ಲಿ ಹ್ಯಾಸ್ವೆಲ್ ಜೊತೆ. ಆದರೆ ಅದನ್ನು ಕೊಟ್ಟದ್ದು ಕೋರ್ ಐ3, ಐ5, ಐ7ಗಳಿಗೆ. ಪೆಂಟಿಯಂ, ಸೆಲೆರಾನ್ ಅಂತ ಮಾರಿದ ಚಿಪ್‌ಗಳಲ್ಲಿ ಎಷ್ಟೋ ವರ್ಷ ಅದು ಇರಲೇ ಇಲ್ಲ. ಹಾಗಾಗಿ 2013ರ ಹಳೇ ಐ3ರಲ್ಲಿ ಓಡುವ ಲೈಬ್ರರಿ 2017ರ ಹೊಸ ಪೆಂಟಿಯಂನಲ್ಲಿ ಓಡಲ್ಲ. 'ಹಳೇ ಮೆಷಿನ್ ಸರ್, ಬದಲಾಯಿಸಿ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಸವಿ ನೋಡಿ ಏನೂ ಗೊತ್ತಾಗಲ್ಲ, ಚಿಪ್‌ನಲ್ಲಿ ಏನೇನಿದೆ ಅಂತ ಹೇಳೋ ಫ್ಲ್ಯಾಗ್ ನೋಡಬೇಕು.

ಈಗ ಪಿಪ್ ಯಾಕೆ ಹೇಳಲಿಲ್ಲ ಅನ್ನೋದು. ಪಿಪ್ ನೋಡೋದು ವೀಲ್ ಫೈಲಿನ, ಅಂದ್ರೆ ಅದು ಇಳಿಸಿಕೊಳ್ಳೋ ರೆಡಿ ಪ್ಯಾಕೇಜಿನ, ಹೆಸರನ್ನು. ಆ ಹೆಸರಿನಲ್ಲಿ ಪೈಥಾನ್ ಆವೃತ್ತಿ ಇರುತ್ತೆ, 'ಮೆನಿಲಿನಕ್ಸ್' ಅಂತ ಇರುತ್ತೆ, ಕನಿಷ್ಠ ಯಾವ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಬೇಕು ಅಂತ ಇರುತ್ತೆ, ಕೊನೆಗೆ ಎಕ್ಸ್86_64 ಅಂತ ಇರುತ್ತೆ. ಅಲ್ಲಿಗೆ ಮುಗೀತು. ಏವಿಎಕ್ಸ್2 ಬೇಕಾ ಬೇಡವಾ ಅನ್ನೋಕೆ ಆ ಹೆಸರಿನಲ್ಲಿ ಜಾಗವೇ ಇಲ್ಲ. ಬೋರ್ಡಿನಲ್ಲಿ 'ತುಮಕೂರು' ಅಂತಿದೆ, ಸರಿ ಅಂತ ಬಸ್ ಹತ್ತಿಸಿಬಿಡುತ್ತೆ. ಅದು ನಾನ್‌ಸ್ಟಾಪ್, ನಿಮ್ಮೂರಲ್ಲಿ ನಿಲ್ಲಲ್ಲ ಅನ್ನೋದು ಹತ್ತಿದ ಮೇಲೆ ಗೊತ್ತಾಗುತ್ತೆ. ಇದನ್ನು ಸರಿಮಾಡೋಕೆ ವೀಲ್ ವೇರಿಯಂಟ್ ಅನ್ನೋ ಪ್ರಸ್ತಾಪ ಪೈಥಾನ್ ಪ್ಯಾಕೇಜಿಂಗ್ ಮಂದಿಯಲ್ಲಿ ನಡೆಯುತ್ತಿದೆ. ಸದ್ಯಕ್ಕೆ ನಮ್ಮ ಕೈಗೆ ಬಂದಿಲ್ಲ ಅಂದುಕೊಂಡೇ ಕೆಲಸ ಮಾಡಬೇಕು.

ಪಿಪ್ ಆದ ಮೇಲೆ ಎರಡನೇ ಬಾಗಿಲು, ಲೈಬ್ರರಿಯನ್ನು ಮೆಮೊರಿಗೆ ತರೋ ಲೋಡರ್. ಇಂಪೋರ್ಟ್ ಅಂದಾಗ ಪೈಥಾನ್ ಒಳಗೆ ಡಿಎಲ್‌ಓಪನ್ ಕರೆಯುತ್ತೆ. ಅದು .ಎಸ್‌ಓ ಫೈಲಿನ, ಅಂದ್ರೆ ಕಂಪೈಲ್ ಆದ ಲೈಬ್ರರಿಯ, ತಲೆಭಾಗ ಓದುತ್ತೆ. ಇಎಲ್‌ಎಫ್ ಹೆಡರ್ ಅನ್ನೋ ಈ ತಲೆಭಾಗದ 18ನೇ ಬೈಟ್‌ನಿಂದ ಯಾವ ಮೆಷಿನ್ ಅನ್ನೋ ನಂಬರ್ ಇರುತ್ತೆ: 62 ಅಂದ್ರೆ ಎಕ್ಸ್86-64, 183 ಅಂದ್ರೆ 64 ಬಿಟ್ ಆರ್ಮ್. ಇದು ತಪ್ಪಿದ್ದರೆ ಲೋಡರ್ ಅಲ್ಲೇ ತಡೆಯುತ್ತೆ, ನಿಮಗೆ ಮರ್ಯಾದೆಯಾಗಿ ಇಂಪೋರ್ಟ್‌ಎರರ್ ಸಿಗುತ್ತೆ. 2020ರ ಕೊನೆಗೆ ಆರ್ಮ್ ಚಿಪ್‌ನ ಎಂ1 ಮ್ಯಾಕ್ ಬಂದ ಮೇಲೆ 'ಇನ್‌ಕಂಪ್ಯಾಟಿಬಲ್ ಆರ್ಕಿಟೆಕ್ಚರ್, ಇರೋದು ಎಕ್ಸ್86_64, ಬೇಕಾದ್ದು ಆರ್ಮ್64' ಅಂತ ಜನ ಬೈದುಕೊಂಡರಲ್ಲ, ಅದು ಇದೇ ಬಾಗಿಲು. ಬೈದರು, ಆದರೆ ಏನಾಗಿದೆ ಅಂತ ಆ ಸಾಲು ಓದಿದರೆ ಗೊತ್ತಾಗುತ್ತಿತ್ತು.

ನಿಮ್ಮದು ಈ ಎರಡೂ ಬಾಗಿಲು ದಾಟಿ ಒಳಗೆ ಬಂದ ಕೇಸು. ಆರ್ಕಿಟೆಕ್ಚರ್ ಸರಿ ಇದೆ, ಫೈಲ್ ಲೋಡ್ ಆಯಿತು, ಕೋಡ್ ಓಡೋಕೆ ಶುರುವಾಯಿತು. ಓಡುತ್ತಾ ಓಡುತ್ತಾ ಏವಿಎಕ್ಸ್ ಇನ್‌ಸ್ಟ್ರಕ್ಷನ್ ಒಂದು ಬಂತು. ನಿಮ್ಮ ಚಿಪ್‌ಗೆ ಅದರ ಗುರುತೇ ಇಲ್ಲ. ಪ್ರೊಸೆಸರ್ ಕೈಚೆಲ್ಲಿತು, ಲಿನಕ್ಸ್ ಕರ್ನಲ್ (ಜುಪಿಟರ್‌ನದ್ದಲ್ಲ) ಆ ಪ್ರೋಸೆಸ್‌ಗೆ ಸಿಗ್‌ಇಲ್ ಅನ್ನೋ 4ನೇ ನಂಬರ್ ಸಿಗ್ನಲ್ ಕಳಿಸಿ ಕೊಂದಿತು. ಇದು ಪೈಥಾನ್ ಎಸೆದ ಎಕ್ಸೆಪ್ಶನ್ ಅಲ್ಲವೇ ಅಲ್ಲ. ಎಕ್ಸೆಪ್ಟ್ ಸಾಲಿಗೆ ಬರೋಕೆ ಪೈಥಾನೇ ಬದುಕಿಲ್ಲ. ಶೆಲ್‌ನಲ್ಲಿ ಎಕ್ಸಿಟ್ ಕೋಡ್ ನೋಡಿ, 132 ಇರುತ್ತೆ. 128ಕ್ಕೆ 4 ಸೇರಿಸಿದ್ದು.

ಯಾವ ಲೈಬ್ರರಿ ಕೊಂದಿದ್ದು ಅಂತ ಊಹೆ ಮಾಡಬೇಕಿಲ್ಲ. ಸತ್ತ ತಕ್ಷಣ ಸುಡೊ ಹಾಕಿ, ಲಿನಕ್ಸ್ ಕರ್ನಲ್‌ನ ಲಾಗ್ ತೋರಿಸೋ ಡಿಮೆಸೇಜ್ ಓಡಿಸಿ, ಕೊನೇ ಸಾಲು ನೋಡಿ. 'ಟ್ರ್ಯಾಪ್ ಇನ್‌ವ್ಯಾಲಿಡ್ ಆಪ್‌ಕೋಡ್' ಅಂತ ಇದ್ದು, ಮುಂದೆ ಐಪಿ, ಅಂದ್ರೆ ಇನ್‌ಸ್ಟ್ರಕ್ಷನ್ ಪಾಯಿಂಟರ್‌ನ ವಿಳಾಸ (ನೆಟ್‌ವರ್ಕ್ ಐಪಿ ಅಲ್ಲ), ಅದರ ಮುಂದೆ ಯಾವ .ಎಸ್‌ಓ ಫೈಲ್ ಅನ್ನೋ ಹೆಸರು ಇರುತ್ತೆ. ಅದೇ ಅಪರಾಧಿ. ಇನ್ನೂ ಒಳಗೆ ಹೋಗಬೇಕಾ? ಜಿಡಿಬಿ ಡಿಬಗ್ಗರ್ ಒಳಗೆ ಓಡಿಸಿ, ನಿಂತ ಜಾಗದ ಇನ್‌ಸ್ಟ್ರಕ್ಷನ್ ತೋರಿಸು ಅನ್ನಿ. ಅದರ ಹೆಸರು ವಿ ಅಕ್ಷರದಿಂದ ಶುರುವಾಗಿದ್ದರೆ, ಅಂದ್ರೆ ವಿಪಿಎಕ್ಸ್‌ಓಆರ್, ವಿಮೂವ್ ಆ ಥರದ್ದು, ಬಹುತೇಕ ಏವಿಎಕ್ಸ್ ಕುಟುಂಬದ್ದೇ. ಪೈಥಾನ್‌ನ ಯಾವ ಸಾಲಿನಲ್ಲಿ ಸತ್ತಿತು ಅಂತ ಬೇಕಾದರೆ ಪೈಥಾನ್‌ನದ್ದೇ ಆದ ಫಾಲ್ಟ್‌ಹ್ಯಾಂಡ್ಲರ್ ಮಾಡ್ಯೂಲ್ ಆನ್ ಮಾಡಿ ಓಡಿಸಿ. ಸಾಯುವ ಮುಂಚೆ ಟ್ರೇಸ್‌ಬ್ಯಾಕ್ ಬರೆದಿಟ್ಟು ಸಾಯುತ್ತೆ.

ಪೋಲಾರ್ಸ್ ಮಟ್ಟಿಗೆ ಪರಿಹಾರ ಸುಲಭ. ನೀವು ನೋಡಿದ ಆ ಉದ್ದದ ವಾರ್ನಿಂಗ್‌ನಲ್ಲೇ ಇದೆ. ಹಳೇ ಆವೃತ್ತಿಗಳಲ್ಲಿ ಪೋಲಾರ್ಸ್-ಎಲ್‌ಟಿಎಸ್-ಸಿಪಿಯು ಅನ್ನೋ ಪ್ಯಾಕೇಜ್ ಹಾಕಿ ಅನ್ನುತ್ತಿತ್ತು. ಈಚಿನ ಆವೃತ್ತಿಗಳಲ್ಲಿ ಪೋಲಾರ್ಸ್ ಹೆಸರಿನ ಮುಂದೆ ಚೌಕ ಬ್ರಾಕೆಟ್ ಹಾಕಿ ಆರ್‌ಟಿಕಂಪ್ಯಾಟ್ ಅಂತ ಕೊಟ್ಟರೆ ಆಯಿತು. ಸ್ವಲ್ಪ ನಿಧಾನ, ಆದರೆ ನಿಮ್ಮ ಸಿಎಸ್‌ವಿಗೆ ವ್ಯತ್ಯಾಸ ಗೊತ್ತೂ ಆಗಲ್ಲ.

ಹುಡುಗರ ಎಕ್ಸ್‌ಟೆನ್ಶನ್ ವಿಷಯ ಬೇರೆಯೇ ಬರೀಬೇಕು. ಅವರು ಕಂಪೈಲ್ ಮಾಡೋವಾಗ ಯಾವ ಫ್ಲ್ಯಾಗ್ ಹಾಕ್ತಿದ್ದಾರೆ ಹೇಳಿ.

---

ವಿಎಂ‌ಸುಬ್ಬ:

ಇದಕ್ಕೆ ಒಂದು ಬಾಲ ಸೇರಿಸ್ತೀನಿ. ಚಿಪ್‌ನಲ್ಲಿ ಏವಿಎಕ್ಸ್2 ಇದ್ದರೂ ಹೀಗೇ ಸಾಯಬಹುದು, ಓಡ್ತಿರೋದು ವಿಎಂ (ವರ್ಚುವಲ್ ಮೆಷಿನ್) ಒಳಗಾದರೆ. ವಿಎಂ ಓಡಿಸೋ ಕ್ಯೂಎಮ್‌ಯುನಲ್ಲಿ ಸಿಪಿಯು ಮಾಡೆಲ್ ಹೇಳದೆ ಬಿಟ್ಟರೆ ಅದು ಬರೀ ಅಡಿಪಾಯದ ಫ್ಲ್ಯಾಗ್‌ಗಳನ್ನು ಒಳಗೆ ತೋರಿಸುತ್ತೆ. ಅದನ್ನೇ ಬಳಸೋ ಪ್ರಾಕ್ಸ್‌ಮಾಕ್ಸ್‌ನಲ್ಲೂ ಆವೃತ್ತಿ 8ಕ್ಕಿಂತ ಮುಂಚೆ ಡೀಫಾಲ್ಟ್ ಕೆವಿಎಂ64 ಇತ್ತು, ಅದರಲ್ಲಿ ಏವಿಎಕ್ಸ್‌ಗಿಂತ ಹಳೇ ಎಸ್‌ಎಸ್‌ಇ4.2 ಕೂಡ ಇಲ್ಲ. 8ರಿಂದ ಎಕ್ಸ್86-64-ವಿ2-ಎಇಎಸ್ ಆಯಿತು, ಅದರಲ್ಲೂ ಏವಿಎಕ್ಸ್ ಇಲ್ಲ. ಹಳೇ ಸರ್ವರ್ ಮೇಲೆ ಹೊಸ ಲೈಬ್ರರಿ ಹಾಕಿ ತಲೆ ಕೆರ್ಕೊಳ್ಳೋರು ಮೊದಲು ವಿಎಂನ ಸಿಪಿಯು ಟೈಪನ್ನು 'ಹೋಸ್ಟ್' ಮಾಡಿ ನೋಡಿ. ಬೇರೆ ಬೇರೆ ತಲೆಮಾರಿನ ಸರ್ವರ್‌ಗಳ ಮಧ್ಯೆ ಲೈವ್ ಮೈಗ್ರೇಶನ್ ಮಾಡೋ ಹಾಗಿದ್ದರೆ ಮಾತ್ರ 'ಹೋಸ್ಟ್' ಹಾಕಬೇಡಿ, ಅದು ಇನ್ನೊಂದು ರಗಳೆ.

ಆರ್ಮ್ ಮ್ಯಾಕ್‌ನಲ್ಲಿ ರೊಸೆಟ್ಟಾ (ಇಂಟೆಲ್ ಕೋಡನ್ನು ಅನುವಾದಿಸಿ ಓಡಿಸೋದು) ಕೆಳಗೆ ಇಂಟೆಲ್ ಪೈಥಾನ್ ಓಡಿಸೋರಿಗೂ ಇದೇ ಕಥೆ. 2024ರ ಮ್ಯಾಕ್‌ಓಎಸ್ ಸಿಕ್ವೊಯಾ ತನಕ ರೊಸೆಟ್ಟಾಗೆ ಏವಿಎಕ್ಸ್ ಬರ್ತಿರಲಿಲ್ಲ. ಅಲ್ಲಿ ಸರಿಯಾದ ಮದ್ದು ಆರ್ಮ್‌ನ ಪೈಥಾನನ್ನೇ ಹಾಕ್ಕೊಳ್ಳೋದು.

---

ಲ್ಯಾಬ್‌ಮೇಷ್ಟ್ರು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆರ್‌ಟಿಕಂಪ್ಯಾಟ್ ಹಾಕಿದೆ, ಹಿಂದಿನ ಸಾಲಿನಲ್ಲೂ ಓಡಿತು. ಡಿಮೆಸೇಜ್‌ನಲ್ಲಿ ಆ ಸಾಲು ಮಕ್ಕಳಿಗೂ ತೋರಿಸಿದೆ, ಪಾಠಕ್ಕಿಂತ ಅದರ ಮೇಲೇ ಜಾಸ್ತಿ ಪ್ರಶ್ನೆ ಬಂತು.

ಹುಡುಗರ ಎಕ್ಸ್‌ಟೆನ್ಶನ್: ಸಿ++ ಅನ್ನು ಪೈಥಾನ್‌ಗೆ ಜೋಡಿಸೋಕೆ ಪೈಬೈಂಡ್11, ಕಂಪೈಲರ್ ಜಿಸಿಸಿ. ಫ್ಲ್ಯಾಗ್‌ಗಳಲ್ಲಿ ಓ3 ಮತ್ತು ಮಾರ್ಚ್=ನೇಟಿವ್ ಇದೆ. ಬಿಲ್ಡ್ ಮಾಡೋದು ಮುಂದಿನ ಸಾಲಿನ ಐ5ರಲ್ಲಿ, .ಎಸ್‌ಓ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಉಳಿದ ಕಡೆ ಹಾಕೋದು. ಇಂಪೋರ್ಟ್ ಆದಾಗ ಓಡೋ ಇನಿಟ್ ಫಂಕ್ಷನ್‌ನ ಮೊದಲ ಸಾಲಿನಲ್ಲೇ ಏವಿಎಕ್ಸ್2 ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಇಂಪೋರ್ಟ್‌ಎರರ್ ಎಸೆಯೋ ಹಾಗೆ ಒಬ್ಬ ಹುಡುಗ ಬರೆದಿದ್ದಾನೆ. ಸಾಕಾ?

---

ಆಬ್ಜ್‌ಡಂಪ್:

ಹುಡುಗನ ಯೋಚನೆ ನೆಟ್ಟಗಿದೆ, ಜಾಗ ಸರಿ ಇಲ್ಲ. ಮಾರ್ಚ್=ನೇಟಿವ್ ಅಂದ್ರೆ 'ಬಿಲ್ಡ್ ಆಗ್ತಿರೋ ಮೆಷಿನ್‌ನಲ್ಲಿ ಏನೇನಿದೆಯೋ ಎಲ್ಲ ಬಳಸು' ಅಂತ. ಪೂರ್ತಿ ಫೈಲಿಗೆ ಆ ಫ್ಲ್ಯಾಗ್ ಹಾಕಿದ ಮೇಲೆ ಪರೀಕ್ಷೆ ಮಾಡೋ ಆ ಇನಿಟ್ ಫಂಕ್ಷನ್ ಕೂಡ ಅದೇ ಫ್ಲ್ಯಾಗ್‌ನಲ್ಲೇ ಕಂಪೈಲ್ ಆಗಿರುತ್ತೆ. ಏವಿಎಕ್ಸ್2 ಇದೆಯಾ ಅಂತ ಕೇಳುವ ಕೋಡಿನೊಳಗೇ ಏವಿಎಕ್ಸ್ ಇನ್‌ಸ್ಟ್ರಕ್ಷನ್ ಇರಬಹುದು. ಕೇಳೋಕೆ ಮುಂಚೆಯೇ ಸಾಯುತ್ತೆ. ಅದು ಹೇಗೋ ಬಚಾವಾದರೂ ಸಿ++ನ ಗ್ಲೋಬಲ್ ಆಬ್ಜೆಕ್ಟ್‌ಗಳಿವೆ. ಅವುಗಳ ಕನ್‌ಸ್ಟ್ರಕ್ಟರ್ ಓಡೋದು ಡಿಎಲ್‌ಓಪನ್ ಒಳಗೆ, ಇನಿಟ್ ಫಂಕ್ಷನ್ ಕರೆಯೋದು ಅದಾದ ಮೇಲೆ. ಅಕ್ಷರಗಳ ಟೇಬಲ್ ಅಂತ ಒಂದು ಗ್ಲೋಬಲ್ ಮ್ಯಾಪ್ ಖಂಡಿತ ಇಟ್ಟಿರ್ತಾರೆ, ನೋಡಿ.

ಸರಿ, ಪರೀಕ್ಷೆಯನ್ನೇ ಬೇರೆ ಫೈಲಿಗೆ ಹಾಕಿ, ಅದನ್ನು ಸಾದಾ ಫ್ಲ್ಯಾಗ್‌ನಲ್ಲಿ ಕಂಪೈಲ್ ಮಾಡಿ, ಉಳಿದದ್ದಕ್ಕೆ ಏವಿಎಕ್ಸ್2 ಕೊಟ್ಟರೆ? ಇಲ್ಲಿ ಇನ್ನೊಂದು ಗುಂಡಿ ಇದೆ, ಅನುಭವಸ್ಥರೂ ಬೀಳೋದು. ಎರಡೂ ಫೈಲಿನಲ್ಲಿ ಸ್ಟ್ಯಾಂಡರ್ಡ್ ವೆಕ್ಟರ್ ಬಳಸಿದ್ದೀರಿ ಅಂದುಕೊಳ್ಳಿ. ಅದರ ಟೆಂಪ್ಲೇಟ್ ಫಂಕ್ಷನ್‌ಗಳು ಎರಡು ಕಡೆಯೂ ಒಂದೊಂದು ಪ್ರತಿ ಹುಟ್ಟುತ್ತವೆ: ಒಂದು ಸಾದಾ, ಒಂದು ಏವಿಎಕ್ಸ್2. ಹೆಸರು ಒಂದೇ ಆದ್ದರಿಂದ ಲಿಂಕರ್ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಸಾಕುತ್ತೆ. ಯಾವುದನ್ನು ಇಟ್ಟುಕೊಳ್ಳುತ್ತೆ ಅನ್ನೋದು ಆಬ್ಜೆಕ್ಟ್ ಫೈಲ್‌ಗಳನ್ನು ಕೊಟ್ಟ ಕ್ರಮದ ಮೇಲೆ. ಏವಿಎಕ್ಸ್2 ಪ್ರತಿ ಉಳಿದರೆ ನಿಮ್ಮ 'ಸಾದಾ' ಫೈಲೂ ಅದನ್ನೇ ಕರೆದು ಸಾಯುತ್ತೆ. ಮೇಕ್‌ಫೈಲ್‌ನಲ್ಲಿ ಎರಡು ಸಾಲು ಅದಲುಬದಲು ಮಾಡಿದರೆ ಕ್ರ್ಯಾಶ್ ಮಾಯ, ಇನ್ನೊಂದು ದಿನ ಮತ್ತೆ ಹಾಜರ್. ಇಂಥದ್ದನ್ನು ಬೆನ್ನಟ್ಟಿ ಹೋದರೆ ವಾರಗಟ್ಟಲೆ ನಿದ್ದೆ ಇರಲ್ಲ.

ಅದಕ್ಕೇ ನನ್ನ ಅಭಿಪ್ರಾಯ: ಪರೀಕ್ಷೆ ಬೈನರಿಯ ಒಳಗೆ ಬೇಡ, ಬೈನರಿ ಲೋಡ್ ಆಗುವ ಮುಂಚೆ ಆಗಲಿ. ಪೋಲಾರ್ಸ್ ಮಾಡಿರೋದೂ ಇದನ್ನೇ. ಅದರ ಪೈಥಾನ್ ಭಾಗದಲ್ಲಿ ಒಂದು ಸಣ್ಣ ಫೈಲಿದೆ. ಪೈಥಾನ್‌ನಿಂದ ಸಿ ಕೋಡ್ ಕರೆಯೋ ಸಿಟೈಪ್ಸ್ ಬಳಸಿ ಮೆಮೊರಿಯಲ್ಲಿ ಒಂದಿಷ್ಟು ಬೈಟ್ ಮೆಷಿನ್ ಕೋಡ್ ಇಟ್ಟು, ಚಿಪ್‌ನಲ್ಲಿ ಏನಿದೆ ಅಂತ ಹೇಳೋ ಸಿಪಿಯುಐಡಿ ಇನ್‌ಸ್ಟ್ರಕ್ಷನ್ ಓಡಿಸಿ, ಬಂದ ಬಿಟ್‌ಗಳನ್ನು ಬೇಕಾದ ಫೀಚರ್ ಪಟ್ಟಿಗೆ ಹೋಲಿಸಿ, ಆಮೇಲೆ ರಸ್ಟ್ ಭಾಷೆಯಲ್ಲಿ ಬರೆದ ಬೈನರಿ ಮುಟ್ಟುತ್ತೆ. ಓದಿ ನೋಡಿ, ಚೆಂದ ಇದೆ.

ನಿಮ್ಮದು ಬರೀ ಲಿನಕ್ಸ್ ಲ್ಯಾಬ್ ಆದ್ದರಿಂದ ಅಷ್ಟು ದೂರ ಹೋಗಬೇಕಿಲ್ಲ. ಪ್ಯಾಕೇಜ್‌ನ ಇನಿಟ್ ಪೈಥಾನ್ ಫೈಲಿನಲ್ಲಿ /ಪ್ರಾಕ್/ಸಿಪಿಯುಇನ್ಫೋ ತೆಗೆದು, 'ಫ್ಲ್ಯಾಗ್ಸ್' ಸಾಲು ಓದಿ, ಖಾಲಿ ಜಾಗದಲ್ಲಿ ಒಡೆದು ಸೆಟ್ ಮಾಡಿ, ಏವಿಎಕ್ಸ್2 ಅದರಲ್ಲಿ ಇಲ್ಲದಿದ್ದರೆ ಇಂಪೋರ್ಟ್‌ಎರರ್ ಎಸೆಯಿರಿ. ಎರಡು ಎಚ್ಚರಿಕೆ. ಸಾಲನ್ನು ಒಡೆಯದೆ ಸುಮ್ನೆ 'ಎಸ್‌ಎಸ್‌ಇ3' ಇದೆಯಾ ಅಂತ ಸ್ಟ್ರಿಂಗ್‌ನಲ್ಲಿ ಹುಡುಕಿದರೆ 'ಎಸ್‌ಎಸ್‌ಎಸ್‌ಇ3' ಒಳಗಿನ ಅಕ್ಷರಗಳೇ ಸಿಕ್ಕಿ ಹೌದು ಅನ್ನುತ್ತೆ. ನಿಜವಾದ ಎಸ್‌ಎಸ್‌ಇ3ಗೆ ಲಿನಕ್ಸ್ ಇಟ್ಟಿರೋ ಹೆಸರು ಪಿಎನ್‌ಐ. ಹಾಗೇ ಎಲ್‌ಝಡ್‌ಸಿಎನ್‌ಟಿ ಹುಡುಕಿದರೆ ಯಾವತ್ತೂ ಸಿಗಲ್ಲ, ಅಲ್ಲಿ ಅದು ಎಬಿಎಂ. 64 ಬಿಟ್ ಆರ್ಮ್ ಮೆಷಿನ್‌ನಲ್ಲಿ ಸಾಲಿನ ಹೆಸರೇ 'ಫೀಚರ್ಸ್', ಏವಿಎಕ್ಸ್ ಥರದ್ದೇ ಆದ ನಿಯಾನ್ ಅಲ್ಲಿ ಎಸಿಮ್ಡ್.

ಇನ್ನೊಂದು ದಾರಿ ನನಗೆ ತುಂಬಾ ಇಷ್ಟ, ಯಾಕೋ ಯಾರೂ ಹೇಳಲ್ಲ. 2020ರಲ್ಲಿ ಎಎಂಡಿ, ಇಂಟೆಲ್, ರೆಡ್‌ಹ್ಯಾಟ್, ಸೂಸೆ ಸೇರಿ ಎಕ್ಸ್86-64ಕ್ಕೆ ಮೆಟ್ಟಿಲು ಮಾಡಿದರು. ವಿ2 ಅಂದ್ರೆ ಎಸ್‌ಎಸ್‌ಇ4.2, ಪಾಪ್‌ಸಿಎನ್‌ಟಿ ತನಕ. ವಿ3 ಅಂದ್ರೆ ಏವಿಎಕ್ಸ್2, ಎಫ್‌ಎಂಎ, ಬಿಎಂಐ ಎಲ್ಲ. ವಿ4 ಅಂದ್ರೆ ಏವಿಎಕ್ಸ್512. ನಿಮ್ಮ ಪೆಂಟಿಯಂ ವಿ2, ಐ5 ಹ್ಯಾಸ್ವೆಲ್ ಅಥವಾ ಆಮೇಲಿನದಾದರೆ ವಿ3. ಲಿಂಕ್ ಮಾಡೋವಾಗ ಲಿಂಕರ್‌ಗೆ ಝಡ್ ಆಪ್ಶನ್ ಕೊಟ್ಟು ಅದರ ಮುಂದೆ ಎಕ್ಸ್86-64-ವಿ3 ಅಂತ ಬರೆದರೆ, ಈ .ಎಸ್‌ಓಗೆ ವಿ3 ಬೇಕು ಅನ್ನೋ ಟಿಪ್ಪಣಿ ಫೈಲಿನ ಒಳಗೇ ಕೂರುತ್ತೆ. ಲಿಂಕರ್ ಬರೋ ಬಿನ್‌ಯುಟಿಲ್ಸ್ ಪ್ಯಾಕೇಜಿನ 2.36ರಿಂದ ಈ ಆಪ್ಶನ್ ಇದೆ. ಜಿಲಿಬ್‌ಸಿ 2.33ರಿಂದ ಲೋಡರ್ ಆ ಟಿಪ್ಪಣಿ ಓದುತ್ತೆ. ಹೊಂದದಿದ್ದರೆ 'ಸಿಪಿಯು ಐಎಸ್‌ಎ ಲೆವೆಲ್ ಬೇಕಾದ್ದಕ್ಕಿಂತ ಕಡಿಮೆ ಇದೆ' ಅನ್ನೋ ಅರ್ಥದ ಎರರ್ ಕೊಟ್ಟು ಡಿಎಲ್‌ಓಪನ್ ವಾಪಸ್ ಬರುತ್ತೆ, ಕನ್‌ಸ್ಟ್ರಕ್ಟರ್‌ಗಳು ಓಡುವ ಮುಂಚೆಯೇ. ಪೈಥಾನ್‌ನಲ್ಲಿ ಅದು ಇಂಪೋರ್ಟ್‌ಎರರ್ ಆಗಿ ಸಿಗುತ್ತೆ, ಎಕ್ಸೆಪ್ಟ್ ಹಿಡಿಯುತ್ತೆ. ಒಂದು ಸಾಲು ಕೋಡ್ ಬರೆಯದೆ! ಉಬುಂಟು 22.04ರಲ್ಲಿ ಜಿಲಿಬ್‌ಸಿ 2.35 ಇರೋದರಿಂದ ನಿಮಗೆ ಕೆಲಸ ಮಾಡುತ್ತೆ. 20.04ರಲ್ಲಿ 2.31, ಅಲ್ಲಿ ಟಿಪ್ಪಣಿಯನ್ನು ಯಾರೂ ಕೇಳಲ್ಲ. ಯಾವ ಮೆಷಿನ್ ಯಾವ ಮೆಟ್ಟಿಲು ಅಂತ ನೋಡೋಕೆ /ಲಿಬ್64 ಒಳಗಿನ ಎಲ್‌ಡಿ-ಲಿನಕ್ಸ್ ಲೋಡರನ್ನೇ ಹೆಲ್ಪ್ ಆಪ್ಶನ್ ಕೊಟ್ಟು ಓಡಿಸಿ. ಕೆಳಗೆ ವಿ2, ವಿ3, ವಿ4 ಪಕ್ಕದಲ್ಲಿ 'ಸಪೋರ್ಟೆಡ್' ಅಂತ ಇದೆಯಾ ನೋಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ. ಅಕ್ಷರ ಎಣಿಸೋಕೆ ಏವಿಎಕ್ಸ್2 ಯಾಕ್ರೀ ಬೇಕು? ಮಾರ್ಚ್=ನೇಟಿವ್ ತೆಗೆದುಹಾಕಿ, ಓ3 ಇರಲಿ. ಎಲ್ಲ ಮೆಷಿನ್‌ನಲ್ಲೂ ಓಡುತ್ತೆ. ಒಂದು ಲೂಪ್ ಮಾತ್ರ ಬಿಸಿ ಅಂತ ಪ್ರೊಫೈಲ್ ಮಾಡಿ ಗೊತ್ತಾದರೆ, ಆ ಒಂದು ಫಂಕ್ಷನ್ ಮೇಲೆ ಜಿಸಿಸಿಯ ಟಾರ್ಗೆಟ್_ಕ್ಲೋನ್ಸ್ ಆಟ್ರಿಬ್ಯೂಟ್ ಹಾಕಿ, ಏವಿಎಕ್ಸ್2 ಒಂದು, ಡೀಫಾಲ್ಟ್ ಒಂದು. ಕಂಪೈಲರ್ ಎರಡು ಪ್ರತಿ ಮಾಡಿ, ಲೋಡ್ ಆಗೋವಾಗ ಚಿಪ್ ನೋಡಿ ಆರಿಸಿಕೊಳ್ಳುತ್ತೆ. ಎಕ್ಸ್‌ಟರ್ನಲ್ ಕೇಳಿದರೆ ಹೇಳಿಕೊಳ್ಳೋಕೂ ಚೆನ್ನಾಗಿರುತ್ತೆ.

---

ತುಕ್ಕುಹಿಡಿದವ:

ಬೈನರಿ ಲೋಡ್ ಆಗೋ ಮುಂಚೆ ನೋಡಬೇಕು ಅನ್ನೋದು ಒಪ್ಪಿದೆ. ಆದರೆ ಇಂಪೋರ್ಟ್‌ಎರರ್ ಎಸೆದು ಬಾಗಿಲು ಹಾಕೋದು ಸರಿನಾ? ಪೋಲಾರ್ಸ್ ಬರೀ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತೆ, ಪೋಲಾರ್ಸ್_ಸ್ಕಿಪ್_ಸಿಪಿಯು_ಚೆಕ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್ ಕೊಟ್ಟರೆ ಅದನ್ನೂ ಹೇಳಲ್ಲ. ಕಾರಣ ಇದೆ. ಪರೀಕ್ಷೆಯೇ ತಪ್ಪಬಹುದು. ಫೀಚರ್ ಪಟ್ಟಿಯಲ್ಲಿ ಹತ್ತು ಹೆಸರಿದ್ದರೆ ಬಳಕೆದಾರನ ಕೋಡ್ ದಾರಿಯಲ್ಲಿ ಅವೆಲ್ಲ ಬಾರದೇ ಇರಬಹುದು. ಓಡಬಹುದಾಗಿದ್ದನ್ನು ನೀವೇ ತಡೆದ ಹಾಗಾಯ್ತು.

---

ಆಬ್ಜ್‌ಡಂಪ್:

ಲೈಬ್ರರಿ ಬರೆಯೋರ ಕಡೆಯಿಂದ ನಿಮ್ಮ ಮಾತು ಸರಿ. ಬಳಸೋರ ಕಡೆಯಿಂದ ನೋಡಿ. ಮೇಷ್ಟ್ರ ಲ್ಯಾಬ್‌ನಲ್ಲೇ ಆಯಿತಲ್ಲ: ಮಕ್ಕಳಿಗೆ ಕಂಡದ್ದು ಕರ್ನಲ್ ಸತ್ತ ಪಾಪ್‌ಅಪ್ ಮಾತ್ರ, ವಾರ್ನಿಂಗ್ ಟರ್ಮಿನಲ್‌ಗೆ ಹೋಗಿ ಹುಡುಕಬೇಕಾಯಿತು. ಅರ್ಧ ಓಡಿ, ಫೈಲ್ ಅರ್ಧ ಬರೆದು ಸಾಯೋದಕ್ಕಿಂತ ಮೊದಲೇ ನಿಲ್ಲೋದು ವಾಸಿ. ನನ್ನ ಆಯ್ಕೆ: ಡೀಫಾಲ್ಟಾಗಿ ಎರರ್, ನಾನು ನೋಡ್ಕೋತೀನಿ ಅನ್ನೋರಿಗೆ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್. ಎರರ್ ಮೆಸೇಜ್‌ನಲ್ಲೇ ಆ ಹೆಸರು ಬರೆದಿರಿ.

ಅಂಕಿಗಳ ಲೆಕ್ಕದ ಲೈಬ್ರರಿ ನಂಪೈ ಹಿಡಿದ ದಾರಿ ನನಗೆ ಹಿಡಿಸೋದು ಇದಕ್ಕೇ. 1.20ರಿಂದ ಅದರಲ್ಲಿ ಎರಡು ಪಟ್ಟಿ ಇವೆ. ಬೇಸ್‌ಲೈನ್ ಅಂದ್ರೆ ಇಲ್ಲದಿದ್ದರೆ ಆಗೋದೇ ಇಲ್ಲ ಅನ್ನೋದು, ಡಿಸ್ಪ್ಯಾಚ್ ಅಂದ್ರೆ ಇದ್ದರೆ ಬಳಸ್ತೀನಿ ಅನ್ನೋದು. ಬೇಸ್‌ಲೈನ್ ತಪ್ಪಿದರೆ ಯಾವ ಬೇಸ್‌ಲೈನ್‌ಗೆ ಬಿಲ್ಡ್ ಆಗಿದೆ, ನಿಮ್ಮ ಮೆಷಿನ್‌ನಲ್ಲಿ ಯಾವುದಿಲ್ಲ ಅಂತ ಎರಡೂ ಹೆಸರು ಹೇಳಿ ರನ್‌ಟೈಮ್‌ಎರರ್ ಕೊಟ್ಟು ನಿಲ್ಲುತ್ತೆ. ಏವಿಎಕ್ಸ್2, ಏವಿಎಕ್ಸ್512 ಎಲ್ಲ ಡಿಸ್ಪ್ಯಾಚ್ ಪಟ್ಟಿಯಲ್ಲಿ. ಅದಕ್ಕೇ ಮೇಷ್ಟ್ರ ಪೆಂಟಿಯಂನಲ್ಲಿ ನಂಪೈ ಮೇಲೆ ನಿಂತಿರೋ ಪಾಂಡಾಸ್ ಇಷ್ಟು ದಿನ ತಣ್ಣಗೆ ಓಡಿದ್ದು. ಈಗ ಏನೇನು ಸಿಕ್ಕಿದೆ ಅಂತ ನೋಡೋಕೆ ನಂಪೈನ ಶೋ_ರನ್‌ಟೈಮ್ ಕರೆಯಿರಿ. ಮೆಷಿನ್ ಲರ್ನಿಂಗ್‌ನ ಟೆನ್ಸರ್‌ಫ್ಲೋ ಹಾಗಲ್ಲ. 2018ರಲ್ಲಿ 1.6 ಬಂದಾಗಿನಿಂದ ಅದರ ರೆಡಿ ಬೈನರಿಗಳಿಗೆ ಏವಿಎಕ್ಸ್ ಬೇಕೇ ಬೇಕು. ಮುಂದಿನ ಸೆಮಿಸ್ಟರ್‌ನಲ್ಲಿ ಅದನ್ನು ಇಟ್ಟುಕೊಂಡಿದ್ದರೆ ಮೇಷ್ಟ್ರೇ, ಮುಂದಿನ ಸಾಲಿನಲ್ಲೇ ಮಾಡಿಸಿ.

---

ಪೈ_ಪ್ರಿಯೆ:

ಆರ್ಮ್ ಕಡೆಯಿಂದ ಒಂದು. ಜೆಟ್ಸನ್ ನ್ಯಾನೋ ಅನ್ನೋ ಪುಟ್ಟ ಆರ್ಮ್ ಬೋರ್ಡಿನಲ್ಲಿ ನಂಪೈ 1.19.5 ಹಾಕಿದವರಿಗೆ ಇದೇ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಬರ್ತಿತ್ತು. ಅಲ್ಲಿ ಎಡವಿದ್ದು ನಂಪೈ ಒಳಗಿದ್ದ ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ ಓಪನ್‌ಬ್ಲಾಸ್. ಅದು ಹಲವು ಚಿಪ್‌ಗಳ ಕೋಡ್ ಒಟ್ಟಿಗೆ ಇಟ್ಟುಕೊಂಡು, ಓಡೋವಾಗ ಚಿಪ್ ಗುರುತಿಸಿ ಒಂದನ್ನು ಆರಿಸುತ್ತೆ. ಗುರುತಿಸೋ ಹೆಜ್ಜೆಯಲ್ಲೇ ಎಡವಿದರೆ ಗೋವಿಂದ. ಓಪನ್‌ಬ್ಲಾಸ್_ಕೋರ್‌ಟೈಪ್ ಅನ್ನೋ ವೇರಿಯಬಲ್‌ಗೆ ಆರ್ಮ್‌ವಿ8 ಅಂತ ಕೊಟ್ಟರೆ ಓಡುತ್ತೆ. ಅಂದ್ರೆ ಪರೀಕ್ಷೆ ಇದ್ದರೆ ಸಾಲದು, ಅದನ್ನು ಕೈಯಾರೆ ದಾಟಿಸೋ ದಾರಿಯೂ ಇರಬೇಕು. ಆಬ್ಜ್‌ಡಂಪ್ ಅವರ ವೇರಿಯಬಲ್ ಮಾತಿಗೆ ನನ್ನ ವೋಟು.

ರಾಸ್ಪ್‌ಬೆರಿ ಪೈ ಇರೋರು ಕರ್ನಲ್ 64 ಬಿಟ್, ಪೈಥಾನ್ 32 ಬಿಟ್ ಅನ್ನೋ ಜೋಡಿ ಇದೆಯಾ ನೋಡಿಕೊಳ್ಳಿ. ಯುನೇಮ್ ಕಮಾಂಡ್ ಎಆರ್ಚ್64 (64 ಬಿಟ್ ಆರ್ಮ್) ಅಂತ ಹೇಳುತ್ತೆ, 64 ಬಿಟ್‌ನ .ಎಸ್‌ಓ ತಂದಿಟ್ಟರೆ 'ರಾಂಗ್ ಇಎಲ್‌ಎಫ್ ಕ್ಲಾಸ್' ಬರುತ್ತೆ. ಪೈಥಾನ್‌ನ ಸ್ಟ್ರಕ್ಟ್ ಮಾಡ್ಯೂಲ್‌ನಲ್ಲಿ ಪಾಯಿಂಟರ್ ಸೈಜ್ ಕೇಳಿ. 4 ಬಂದರೆ 32 ಬಿಟ್, 8 ಬಂದರೆ 64.

---

ಲ್ಯಾಬ್‌ಮೇಷ್ಟ್ರು:

ಮಾರ್ಚ್=ನೇಟಿವ್ ತೆಗೆಸಿದೆ. ಐ5ರಲ್ಲಿ ಬಿಲ್ಡ್ ಮಾಡಿದ್ದು ಪೆಂಟಿಯಂನಲ್ಲೂ ಓಡಿತು, ವೇಗದಲ್ಲಿ ಕಣ್ಣಿಗೆ ಕಾಣೋ ವ್ಯತ್ಯಾಸ ಇಲ್ಲ. ಆದರೂ ಹುಡುಗರಿಗೆ ಆ ಲಿಂಕರ್ ಟಿಪ್ಪಣಿ ಹಿಡಿಸಿಬಿಟ್ಟಿದೆ. ಸುಮ್ನೆ ವಿ3 ಅಂತ ಹಾಕಿ ಪೆಂಟಿಯಂನಲ್ಲಿ ಇಂಪೋರ್ಟ್‌ಎರರ್ ಬರಿಸಿ ಸ್ಕ್ರೀನ್‌ಶಾಟ್ ತೆಗೆದುಕೊಂಡರು, ರಿಪೋರ್ಟ್‌ಗಂತೆ.

ಕೊನೇ ಪ್ರಶ್ನೆ. ಒಬ್ಬ ಹುಡುಗನ ಸ್ವಂತ ಲ್ಯಾಪ್‌ಟಾಪ್ ವಿಂಡೋಸ್. ಅಲ್ಲಿ /ಪ್ರಾಕ್ ಇಲ್ಲ, ಜಿಲಿಬ್‌ಸಿಯೂ ಇಲ್ಲ. ಅವನು ಏನು ಮಾಡಬೇಕು?

---

ಆಬ್ಜ್‌ಡಂಪ್:

ವಿಂಡೋಸ್‌ನಲ್ಲಿ ಇನ್ನೂ ಸುಲಭ. ಸಿಟೈಪ್ಸ್‌ನಿಂದ ಕರ್ನಲ್32ರ ಈಸ್‌ಪ್ರೊಸೆಸರ್‌ಫೀಚರ್‌ಪ್ರೆಸೆಂಟ್ ಫಂಕ್ಷನ್ ಕರೆಯಲಿ. 39 ಕೊಟ್ಟರೆ ಏವಿಎಕ್ಸ್, 40 ಕೊಟ್ಟರೆ ಏವಿಎಕ್ಸ್2, 41 ಕೊಟ್ಟರೆ ಏವಿಎಕ್ಸ್512. ಸೊನ್ನೆ ಬಂದರೆ ಇಲ್ಲ ಅಂತ. ಹಳೇ ವಿಂಡೋಸ್‌ಗೆ ಈ ನಂಬರ್‌ಗಳು ಗೊತ್ತಿಲ್ಲದಿದ್ದರೂ ಸೊನ್ನೆಯೇ ಬರುತ್ತೆ, ಹಾಗಾಗಿ ಸೊನ್ನೆಯನ್ನು ಪೂರ್ತಿ ನಂಬಬೇಡಿ. ಟಾರ್ಗೆಟ್_ಕ್ಲೋನ್ಸ್ ಅಲ್ಲಿ ನಡೆಯಲ್ಲ, ಅದಕ್ಕೆ ಲೋಡ್ ಆಗೋವಾಗ ಪ್ರತಿ ಆರಿಸೋ ಇಎಲ್‌ಎಫ್‌ನ ಐಫಂಕ್ ಬೇಕು. ಎರಡು ಬೇರೆ ಬೇರೆ .ಪಿವೈಡಿ (ವಿಂಡೋಸ್‌ನಲ್ಲಿ .ಎಸ್‌ಓ ಬದಲಿಗೆ ಇರೋದು) ಬಿಲ್ಡ್ ಮಾಡಿ, ಯಾವುದನ್ನು ಇಂಪೋರ್ಟ್ ಮಾಡಬೇಕು ಅಂತ ಇನಿಟ್ ಪೈಥಾನ್ ಫೈಲಿನಲ್ಲೇ ಆರಿಸೋದು ಅಲ್ಲಿ ಸರಿಯಾದ ದಾರಿ. ಸತ್ತಾಗ ಅವನಿಗೆ ಕಾಣೋ ಎಕ್ಸಿಟ್ ಕೋಡ್ 132 ಅಲ್ಲ, ಹೆಕ್ಸ್‌ನಲ್ಲಿ ಸಿ000001ಡಿ. ಗೂಗಲ್ ಮಾಡೋವಾಗ ಅದನ್ನೇ ಹಾಕಲಿ.